ಒಬ್ಬಳೇ ನಡೆಸಿದ ಮಕ್ಕಳ ಭಾನುವಾರ

ಹಾಜರಿ ಪುಸ್ತಕ ತೆರೆದೆ. ಪೆನ್ನಿನ ಕ್ಯಾಪ್ ತೆಗೆದೆ. ‘ಸಲೋಮಿ’ ಎಂದು ಕರೆದೆ.

‘ಹಾಜರ್ರಿ ಟೀಚರ್.’

ಪೆನ್ನಿಗೆ ಕ್ಯಾಪ್ ಹಾಕಿದೆ. ಪುಸ್ತಕ ಮುಚ್ಚಿದೆ. ನಮ್ಮ ಚರ್ಚಿನ ಸಂಡೇ ಸ್ಕೂಲಿನ ಹಾಜರಿ ಮುಗಿಯಿತು.

ನಗಬೇಡಿ. ಎರಡಡಿ ದೂರದಲ್ಲಿ ಚಾಪೆಯ ಮೇಲೆ ಕೂತಿರುವ ಒಬ್ಬಳೇ ಹುಡುಗಿಗೆ ಹಾಜರಿ ಯಾಕೆ ಕರೆಯಬೇಕು? ಕೇಳಬೇಕಾದ ಪ್ರಶ್ನೆಯೇ. ಆದರೆ ಇಪ್ಪತ್ತಾರು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿರುವವಳಿಗೆ ಹಾಜರಿ ಕರೆಯದೆ ಬಾಯೇ ತೆರೆಯುವುದಿಲ್ಲ. ಅವಳಿಗೂ ಅದು ಬೇಕಿತ್ತು. ಒಮ್ಮೆ ನಾನು ಮರೆತು ನೇರ ಪಾಠಕ್ಕೆ ಇಳಿದಾಗ, ‘ಟೀಚರ್, ನನ್ನ ಕರೀಲೇ ಇಲ್ರಿ’ ಎಂದು ತಡೆದಿದ್ದಳು.

ಈ ಅಂಕಣ ಓದುತ್ತ ಬಂದವರಿಗೆ ನನ್ನ ವಿಳಾಸ ಗೊತ್ತು. ನೌಕರಿ ಜಮಖಂಡಿಯಲ್ಲಿ, ಮನೆ ರಬಕವಿಯಲ್ಲಿ. ಎರಡು ಕೋಣೆ, ಒಬ್ಬಳೇ. ಚರ್ಚ್ ಇರುವುದು ಬನಹಟ್ಟಿಯ ಕಡೆಗೆ ಹೋಗುವ ರಸ್ತೆಯ ಒಳಗಿನ ಓಣಿಯಲ್ಲಿ. ಉದ್ದನೆಯ ಹಾಲ್, ಮೇಲೆ ತಗಡು, ಬಾಗಿಲ ಮೇಲೊಂದು ಶಿಲುಬೆ. ಎಡಕ್ಕೂ ಬಲಕ್ಕೂ ಪವರ್‌ಲೂಮ್ ಶೆಡ್ಡುಗಳು. ‘ಈಗ ಮೌನವಾಗಿ ಪ್ರಾರ್ಥಿಸೋಣ’ ಎಂದು ಪಾಸ್ಟರ್ ಹೇಳಿದಾಗ ನಾವಷ್ಟೇ ಮೌನ, ಮಗ್ಗಗಳು ಖಟಖಟ ಎನ್ನುತ್ತಲೇ ಇರುತ್ತವೆ. ರೂಢಿಯಾಗಿಬಿಟ್ಟಿದೆ. ಕರೆಂಟ್ ಹೋಗಿ ಸದ್ದು ನಿಂತರೆ ನಮಗೇ ಗಾಬರಿಯಾಗಿ ಕಣ್ಣು ತೆರೆಯುತ್ತೇವೆ.

ನಾವೊಂದು ಹದಿನಾರು ಮನೆಯವರು. ತಲೆಮಾರುಗಳಿಂದ ಇಲ್ಲೇ ಇರುವವರು. ನರ್ಸು, ಮಾಸ್ತರು, ಕ್ಲರ್ಕು, ಡ್ರೈವರು, ಹೀಗೆ ಹೆಚ್ಚಿನವರು ಸಂಬಳದ ಜನ. ಬೀಳಗಿ, ಮುಧೋಳ, ನಮ್ಮೂರು, ಮೂರೂ ಕಡೆಗೆ ಒಬ್ಬರೇ ಪಾಸ್ಟರ್. ಬೈಕಿನ ಮೇಲೆ ಬರುತ್ತಾರೆ. ನಮ್ಮ ಪಾಳಿ ಬರುವಷ್ಟರಲ್ಲಿ ಹನ್ನೊಂದು ಗಂಟೆ.

ಹದಿನಾಲ್ಕು ವರ್ಷದ ಹಿಂದೆ ನಾನು ಈ ಚರ್ಚಿಗೆ ಬಂದ ಮೂರನೇ ವಾರವೇ ಸಂಡೇ ಸ್ಕೂಲನ್ನು ನನ್ನ ಕೈಗೆ ಕೊಟ್ಟರು. ಯಾಕೆ ಎಂದು ಯಾರೂ ಹೇಳಲಿಲ್ಲ. ನನಗೆ ಅರ್ಥವಾಯಿತು. ಮದುವೆಯಾಗದ ಟೀಚರ್ ಅಲ್ಲವೇ? ಬೇರೆಯವರ ಮಕ್ಕಳನ್ನಾದರೂ ನೋಡಿಕೊಂಡಿರಲಿ. (ಸಿಟ್ಟು ಬಂದಿತ್ತು. ಆದರೆ ಒಪ್ಪಿಕೊಂಡೆ. ಭಾನುವಾರ ಮನೆಯಲ್ಲಿ ನನಗಾದರೂ ಏನು ಕೆಲಸವಿತ್ತು?)

ಆಗ ಹದಿನೇಳು ಮಕ್ಕಳಿದ್ದರು. ಹಾಲಿನ ಮುಂಭಾಗದಲ್ಲಿ ಜಮಖಾನೆ ಹಾಸಿ ಕೂಡಿಸುತ್ತಿದ್ದೆವು. ಪಾಸ್ಟರ್ ಪ್ರಸಂಗ, ಅಂದರೆ ಬೋಧನೆ, ಮಾಡುವಾಗ ಒಬ್ಬನಿಗೆ ಬಿಕ್ಕಳಿಕೆ, ಇನ್ನೊಬ್ಬಳಿಗೆ ನೀರು, ಮತ್ತೊಬ್ಬನಿಗೆ ಪಕ್ಕದವನ ಕಿವಿ. ಹಿರಿಯರು ತಿರುತಿರುಗಿ ನನ್ನ ಕಡೆ ನೋಡುತ್ತಿದ್ದರು, ನಾನೇ ಬಿಕ್ಕಳಿಸಿದ ಹಾಗೆ.

ಒಂದು ದಿನ ಕಮಿಟಿಯಲ್ಲಿ ಚರ್ಚೆಯಾಯಿತು. ಎರಡನೇ ಹಾಡು ಮುಗಿದ ಕೂಡಲೇ ಮಕ್ಕಳನ್ನು ಹಿಂದಿನ ಸ್ಟೋರ್ ರೂಮಿಗೆ ಕರೆದುಕೊಂಡು ಹೋಗುವುದು, ಆರಾಧನೆ ಮುಗಿದ ಮೇಲೆ ಬಿಡುವುದು. ದೊಡ್ಡವರಿಗೂ ಶಾಂತಿ, ಮಕ್ಕಳಿಗೂ ಅವರ ಮಟ್ಟದ ಪಾಠ. ಎಲ್ಲರೂ ಕೂಡಲೇ ಒಪ್ಪಿದರು. ಈ ಬುದ್ಧಿವಂತ ಸಲಹೆ ಕೊಟ್ಟದ್ದು ಯಾರು ಎಂದು ಕೇಳುವಿರಾ?

ನಾನೇ.

ನಾನು ಚಿಕ್ಕವಳಿದ್ದಾಗ ಮುಧೋಳದಲ್ಲಿ ನಮಗೆ ಸ್ಟೋರ್ ರೂಮ್ ಇರಲಿಲ್ಲ. ಅವ್ವನ ತೊಡೆಯೇ ಇತ್ತು. ಪ್ರಸಂಗ ಅರ್ಥವಾಗುತ್ತಿರಲಿಲ್ಲ. ಅವ್ವನ ಸೆರಗಿನಲ್ಲಿ ಮುಖ ಇಟ್ಟು ಅರೆನಿದ್ದೆಯಲ್ಲಿರುವಾಗ ಅವಳು ಹಾಡಿದರೆ ಅವಳ ಹೊಟ್ಟೆಯೊಳಗಿಂದ ಹಾಡು ನನ್ನ ಕಿವಿಗೆ ನಡುಗುತ್ತ ಬರುತ್ತಿತ್ತು. ಅಪ್ಪ ಪ್ರಾರ್ಥನೆಗೆ ಎದ್ದು ನಿಂತಾಗ ಅವನ ಮುಷ್ಟಿ ಬಿಗಿಯಾಗುವುದನ್ನು ಕೆಳಗಿನಿಂದ ನೋಡುತ್ತಿದ್ದೆ. ನನಗಿರುವ ಅಷ್ಟಿಷ್ಟು ನಂಬಿಕೆ ಬಂದದ್ದು ಅಲ್ಲಿಂದ. ಬಾಯಿಪಾಠ ಮಾಡಿದ ಬೈಬಲ್ ವಾಕ್ಯಗಳಿಂದಲ್ಲ. ಇದೆಲ್ಲ ಗೊತ್ತಿದ್ದೂ ಆ ಸಲಹೆ ಕೊಟ್ಟೆನಲ್ಲ. ಯಾಕೆ? ಹಿರಿಯರು ತಿರುಗಿ ನೋಡುವುದು ನಿಲ್ಲಬೇಕಿತ್ತು, ಅಷ್ಟೇ.

ಆಮೇಲಿನ ಕಥೆ ಬೇಗ ಹೇಳಿ ಮುಗಿಸುತ್ತೇನೆ. ಸ್ಟೋರ್ ರೂಮಿನಲ್ಲಿ ಬೆಳೆದ ಮಕ್ಕಳು ದೊಡ್ಡವರಾದ ಮೇಲೆ ಹಾಲಿಗೆ ಬರಲಿಲ್ಲ. ಅಲ್ಲಿ ಅವರ ಜಾಗ ಯಾವುದು ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಸಣ್ಣವರನ್ನು ಕೋಚಿಂಗ್ ಕ್ಲಾಸುಗಳು ಕರೆದುಕೊಂಡವು. ನಮ್ಮ ಕಡೆ ಐದನೇ ಕ್ಲಾಸಿನ ಮಕ್ಕಳಿಗೆ ವಸತಿ ಶಾಲೆಯ ಎಂಟ್ರೆನ್ಸ್ ಪರೀಕ್ಷೆ ಎಂದರೆ ಏನು ಎಂಬುದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ; ಪಾಸಾದರೆ ಊಟ, ವಸತಿ, ಓದು ಎಲ್ಲ ಪುಕ್ಕಟೆ. ಭಾನುವಾರ ಬೆಳಿಗ್ಗೆ ಎಂಟರಿಂದ ಒಂದು ಗಂಟೆಯವರೆಗೆ ಟೆಸ್ಟ್. ಹದಿನೇಳು ಹನ್ನೊಂದಾಯಿತು, ಆರಾಯಿತು. ಹೋದ ವರ್ಷ ಮೂರು. ಈ ವರ್ಷ ಸಲೋಮಿ.

ಹತ್ತು ವರ್ಷದ ಹುಡುಗಿ, ನಮ್ಮಲ್ಲಿಗೆ ಬರತೊಡಗಿ ಎರಡು ವರ್ಷ. ಎರಡು ಜಡೆ, ಮುಂದಿನ ಒಂದು ಹಲ್ಲಿನ ಮೂಲೆ ಮುರಿದಿದೆ. ಅಪ್ಪ ಪ್ರಕಾಶ ಹಿಪ್ಪರಗಿ ಬ್ಯಾರೇಜಿನಲ್ಲಿ ನೀರು ಬಿಡುವ ಗೇಟು ನೋಡಿಕೊಳ್ಳುತ್ತಾನೆ. ಅವ್ವ ಮುಧೋಳದ ಒಂದು ಆಸ್ಪತ್ರೆಯಲ್ಲಿ ನರ್ಸ್. ಭಾನುವಾರ ಇಬ್ಬರಿಗೂ ಡ್ಯೂಟಿ. ಪ್ರಕಾಶ ಮಗಳನ್ನು ಬೈಕಿನಲ್ಲಿ ತಂದು ಚರ್ಚಿನ ಗೇಟಿನ ಮುಂದೆ ಇಳಿಸಿ ಹಾಗೇ ತಿರುಗುತ್ತಿದ್ದ.

ಮಕ್ಕಳ ಭಾನುವಾರ ಎಂಬುದೊಂದಿದೆ ನಮ್ಮಲ್ಲಿ. ವರ್ಷಕ್ಕೊಮ್ಮೆ ಇಡೀ ಆರಾಧನೆಯನ್ನು ಮಕ್ಕಳೇ ನಡೆಸುವುದು. ಒಬ್ಬರು ವಾಕ್ಯ ಓದುತ್ತಾರೆ, ಒಬ್ಬರು ಪ್ರಾರ್ಥನೆ ಮಾಡುತ್ತಾರೆ, ಎಲ್ಲರೂ ಸೇರಿ ಹಾಡುತ್ತಾರೆ. ದೊಡ್ಡವರು ಕೂತು ಕೇಳುತ್ತಾರೆ, ಫೋಟೋ ತೆಗೆಯುತ್ತಾರೆ. ಕಬ್ಬಿನ ಹಂಗಾಮು ಶುರುವಾಗುವ ಹೊತ್ತಿಗೆ ಬರುತ್ತದೆ.

ಈ ಸಲ ಆ ದಿನ ಹತ್ತಿರ ಬಂದಾಗ ಕಮಿಟಿಯ ಕಾರ್ಯದರ್ಶಿ ಸಮುವೇಲಪ್ಪನವರು ನನ್ನನ್ನು ಪಕ್ಕಕ್ಕೆ ಕರೆದರು. ರಿಟೈರಾದ ಹೆಡ್‌ಕ್ಲರ್ಕ್, ಮೆತ್ತಗೆ ಮಾತಾಡುವ ಮನುಷ್ಯ.

‘ಟೀಚರ್, ಈ ವರ್ಷ ಬ್ಯಾಡ ಬಿಡ್ರಿ. ಒಂದ ಹುಡುಗಿನ್ನ ಕಟ್ಕೊಂಡು ಮಕ್ಕಳ ರವಿವಾರ ಅಂದ್ರ ನೋಡಾಕ ಛಲೋ ಕಾಣೂದಿಲ್ಲ. ಆಕಿಗೂ ಅವಮಾನ ಆದಂಗ ಆಗ್ತೈತಿ.’

ನನಗೂ ಸರಿ ಅನ್ನಿಸಿತು. ಸತ್ಯ ಹೇಳಬೇಕೆಂದರೆ ಹಗುರವೂ ಅನ್ನಿಸಿತು. ಒಳಗೆ ಬಂದು ಸಲೋಮಿಗೆ ಹೇಳಿದೆ.

ಅವಳು ಚಾಪೆಯ ಎಳೆಯೊಂದನ್ನು ಕೀಳುತ್ತ ಕೂತಿದ್ದಳು. ಕೈ ನಿಂತಿತು.

‘ಹೋದ ವರ್ಷ ನನಗ ಪಾಳಿ ಬಂದಿರಲಿಲ್ರಿ,’ ಎಂದಳು. ‘ದೊಡ್ಡಾವ್ರು ಇಬ್ರು ಇದ್ರಲ್ರಿ, ಅವ್ರ ಓದಿದ್ರು. ನೀವು ಬರೂ ವರ್ಷ ನಿಂದ ಪಾಳಿ ಅಂದಿದ್ರಿ.’

ಅಂದಿದ್ದೆನೇ? ಅಂದಿರಬೇಕು. ಮಕ್ಕಳಿಗೆ ಇಂಥ ಮಾತು ಹೇಳಿ ನಾವು ಮುಂದೆ ಹೋಗಿಬಿಡುತ್ತೇವೆ. ಅವರು ಒಂದು ವರ್ಷ ಅದನ್ನು ಹಿಡಿದುಕೊಂಡು ಕೂತಿರುತ್ತಾರೆ.

‘ಒಬ್ಬಾಕಿ ಹೆಂಗ ಮಾಡ್ತೀಯವಾ ಎಲ್ಲಾ?’

‘ಒಂದಾದ್ಮ್ಯಾಲ ಒಂದ ಮಾಡ್ತೇನ್ರಿ.’

ಪಾಸ್ಟರ್‌ಗೆ ಫೋನ್ ಮಾಡಿದೆ. ಅವರು ಬೀಳಗಿಯ ಬಸ್‌ಸ್ಟ್ಯಾಂಡಿನ ಹತ್ತಿರ ಎಲ್ಲೋ ಇದ್ದರು, ಹಿಂದೆ ಕಂಡಕ್ಟರ್ ಒಬ್ಬ ಬಾಗಲಕೋಟ ಬಾಗಲಕೋಟ ಎಂದು ಕೂಗುತ್ತಿದ್ದ. ಆ ಗದ್ದಲದಲ್ಲೇ ಹೇಳಿದರು: ‘ಆಕಿ ಮಾಡ್ತೀನಿ ಅನ್ನಾಕತ್ತಾಳಂದ್ರ ಬ್ಯಾಡ ಅನ್ನಾಕ ನಾವ್ ಯಾರ್ರಿ ಟೀಚರ್? ಮಾಡ್ಲಿ.’

ಮೂರು ವಾರ ತಯಾರಿ ಮಾಡಿದೆವು. ಓದುವುದಕ್ಕೆ ಯೇಸು ಹನ್ನೆರಡು ವರ್ಷದ ಹುಡುಗನಾಗಿದ್ದಾಗಿನ ಕಥೆ ಆರಿಸಿದೆ. ಹಬ್ಬಕ್ಕೆ ಹೋದ ತಂದೆತಾಯಿ ಊರಿಗೆ ಹೊರಡುತ್ತಾರೆ, ಹುಡುಗ ದೇವಾಲಯದಲ್ಲೇ ಉಳಿದಿದ್ದಾನೆ, ಅವರಿಗೆ ಗೊತ್ತಾಗುವುದು ಒಂದು ದಿನದ ದಾರಿ ನಡೆದ ಮೇಲೆ.

ಸಲೋಮಿ ಕೇಳಿದಳು: ‘ಒಂದ್ ದಿನಾ ಪೂರ್ತಿ ಗೊತ್ತ ಆಗ್ಲಿಲ್ಲೇನ್ರಿ ಅವ್ರಿಗೆ?’

‘ಭಾಳ ಮಂದಿ ಕೂಡೇ ಹೊಂಟಿದ್ರವಾ. ಅವರ ಕೂಡ ಇರಬೇಕು, ಇವರ ಕೂಡ ಇರಬೇಕು ಅಂತ ತಿಳ್ಕೊಂಡ್ರು.’

ಅವಳು ಪುಟವನ್ನು ಮತ್ತೆ ನೋಡಿದಳು. ‘ಅಂದ್ರ ಎಲ್ಲಾರೂ ಹಂಗ ತಿಳ್ಕೊಂಡ್ರು.’

‘ಹೌದು. ಈಗ ಹೇಳು, ಯೇಸುವಿಗೆ ಆಗ ಎಷ್ಟು ವರ್ಷ?’

‘ಹನ್ನೆರಡ್ರಿ.’

‘ಶಾಬಾಸ್’ ಎಂದೆ. ನಾನು ಟೀಚರ್. ಉತ್ತರ ಇರುವ ಪ್ರಶ್ನೆಗಳೇ ನನಗೆ ಇಷ್ಟ.

ಪ್ರಾರ್ಥನೆಯನ್ನೂ ನಾನೇ ಬರೆದುಕೊಟ್ಟೆ. ಒಂದು ಪುಟ. ‘ಸರ್ವಶಕ್ತನೂ ಸರ್ವವ್ಯಾಪಿಯೂ ಆದ ದೇವರೇ’ ಎಂದು ಶುರು. ದೇಶದ ನಾಯಕರು, ಸೈನಿಕರು, ರೈತರು, ನೇಕಾರರು, ರೋಗಿಗಳು, ಯಾರನ್ನೂ ಬಿಟ್ಟಿರಲಿಲ್ಲ. ಅವಳು ಒಂದೇ ವಾರದಲ್ಲಿ ಬಾಯಿಪಾಠ ಮಾಡಿ ಒಪ್ಪಿಸಿದಳು. ಸರ್ವವ್ಯಾಪಿ ಎಂದರೆ ಏನು ಎಂದು ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ.

ಆ ಭಾನುವಾರ ಬಂತು. ಬೆಳಿಗ್ಗೆ ಸಣ್ಣ ಚಳಿ. ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಸಿಕ್ಕು ಪ್ರಕಾಶನ ಬೈಕು ಇಪ್ಪತ್ತು ನಿಮಿಷ ತಡವಾಗಿ ಬಂತು. ಸಲೋಮಿ ಬಿಳಿ ಫ್ರಾಕ್ ಹಾಕಿದ್ದಳು, ತಲೆಯ ತುಂಬ ಧೂಳು. ನನ್ನ ಬಾಚಣಿಗೆಯಿಂದ ಬಾಚಿ ಜಡೆ ಮತ್ತೆ ಹಾಕಿದೆ. ಪ್ರಕಾಶ ಗೇಟಿನ ಹೊರಗೇ ನಿಂತು, ‘ಡ್ಯೂಟಿ ಐತ್ರಿ ಟೀಚರ್, ನಿಂದ್ರಾಕ ಆಗೂದಿಲ್ಲ. ಚಂದಂಗ ಮಾಡವಾ’ ಎಂದು ಮಗಳಿಗೆ ಕೈ ಬೀಸಿ ಹೋದ.

ಅಂದು ಹಾಲಿನಲ್ಲಿ ಇಪ್ಪತ್ತೆರಡು ಜನ ದೊಡ್ಡವರಿದ್ದೆವು. ಮುಂದೆ ಪೀಠದ ಹತ್ತಿರ ಅವಳು. ಮೈಕಿನ ಸ್ಟ್ಯಾಂಡ್ ಎಷ್ಟು ಇಳಿಸಿದರೂ ಅವಳ ಹಣೆಯ ಮಟ್ಟಕ್ಕೆ ಬರುತ್ತಿತ್ತು. ಪಾಸ್ಟರ್ ಎದ್ದು ಮೈಕನ್ನೇ ಬಿಚ್ಚಿ ಅವಳ ಕೈಗೆ ಕೊಟ್ಟರು.

ಮೊದಲ ಹಾಡು. ಮಕ್ಕಳ ಗುಂಪು ಹಾಡಬೇಕಾದ ಹಾಡು. ಹಾಡಿನ ನಡುವೆ ಚಪ್ಪಾಳೆ ತಟ್ಟಬೇಕು. ಒಂದು ಕೈಯಲ್ಲಿ ಮೈಕ್ ಹಿಡಿದವಳು ಚಪ್ಪಾಳೆ ಹೇಗೆ ತಟ್ಟಿಯಾಳು? ಅವಳು ಇನ್ನೊಂದು ಕೈಯಿಂದ ತೊಡೆ ತಟ್ಟಿಕೊಂಡಳು. ನಾವ್ಯಾರೂ ಜೊತೆಗೆ ಹಾಡಲಿಲ್ಲ. ಮಕ್ಕಳ ಭಾನುವಾರ ದೊಡ್ಡವರು ಹಾಡಬಾರದು ಎಂದು ನಮ್ಮಲ್ಲಿ ರೂಢಿ. (ಯಾರು ಮಾಡಿದ ರೂಢಿ? ಗೊತ್ತಿಲ್ಲ.) ಒಂದು ಸಣ್ಣ ದನಿ, ಎರಡು ಬದಿಗೂ ಮಗ್ಗಗಳು. ಮೂರನೇ ಚರಣಕ್ಕೆ ಬರುವಷ್ಟರಲ್ಲಿ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಕಥೆ ಓದಿದಳು. ತಪ್ಪಿಲ್ಲದೆ. ಒಂದು ದಿನದ ದಾರಿ ಎಂಬಲ್ಲಿ ಮಾತ್ರ ಸ್ವಲ್ಪ ನಿಧಾನ ಮಾಡಿದ ಹಾಗೆ ನನಗೆ ಅನ್ನಿಸಿತು.

ಆಮೇಲೆ ಪ್ರಾರ್ಥನೆ. ನಾವೆಲ್ಲ ಕಣ್ಣು ಮುಚ್ಚಿದೆವು. ‘ಸರ್ವಶಕ್ತನೂ ಸರ್ವವ್ಯಾಪಿಯೂ ಆದ ದೇವರೇ’ ಎಂದು ಸ್ಪಷ್ಟವಾಗಿ ಶುರು ಮಾಡಿದಳು. ನಾಯಕರು ಆದರು. ಸೈನಿಕರು ಆದರು. ರೈತರ ಹತ್ತಿರ ಬಂದು ನಿಂತಳು.

ಮರೆತಳೇನೋ ಎಂದು ಕಣ್ಣು ತೆರೆದೆ. ಮರೆತ ಮುಖವಲ್ಲ ಅದು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಮೈಕನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಎಳೆದುಕೊಳ್ಳುತ್ತಿದ್ದಳು.

‘ದೇವ್ರೇ, ಉಳಿದದ್ದು ಟೀಚರ್ ಬರ್ದಾರ, ಅದು ನಿನಗ ಗೊತ್ತ ಐತಿ. ನಾ ನಂದೊಂದು ಹೇಳ್ತೇನಿ. ಇಲ್ಲಿ ಎಲ್ಲಾರೂ ಛಲೋ ಅದಾರ. ಗಲ್ಲಾ ಹಿಂಡ್ತಾರ, ಚಾಕ್ಲೇಟ್ ಕೊಡ್ತಾರ. ಎಷ್ಟನೇ ಕ್ಲಾಸು ಅಂತ ಕೇಳ್ತಾರ. ಹೋದ ವಾರಾನೂ ಕೇಳಿದ್ರು, ಅದರ ಹಿಂದಿನ ವಾರಾನೂ ಕೇಳಿದ್ರು. ಆದ್ರ ನನ್ನ ಕೂಡ ಯಾರೂ ಕುಂಡ್ರೂದಿಲ್ಲ. ನನಗ ಇಲ್ಲಿ ಭಾಳ ಬ್ಯಾಸರ ಆಗ್ತೈತಿ. ಅವ್ರಿಗೆ ನನ್ನ ಹೆಸರಾದ್ರೂ ಗೊತ್ತಾಗೂ ಹಂಗ ಮಾಡು. ಆಮೆನ್.’

ಪ್ರಾರ್ಥನೆ ಮುಗಿದ ಮೇಲೆ ಸಭೆ ಆಮೆನ್ ಎನ್ನಬೇಕು. ಯಾರೂ ಅನ್ನಲಿಲ್ಲ. ಅವಳು ಕಣ್ಣು ತೆರೆದು ನಮ್ಮನ್ನು ನೋಡಿದಳು. ತಪ್ಪು ಮಾಡಿದೆನೇ ಎಂಬಂತೆ ನನ್ನನ್ನು ಹುಡುಕಿದಳು. ನಾನು ತಲೆ ಬಗ್ಗಿಸಿದೆ. ಹೌದು, ಬಗ್ಗಿಸಿದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಒಂದು ದೊಡ್ಡ ದನಿ ಬಂತು. ‘ಏನಂತ ಬೇ ಆಕಿ?’

ರೂತವ್ವ. ಎಂಬತ್ತು ದಾಟಿದ ಮುದುಕಿ, ಹಿಂದೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ನಾವೆಲ್ಲ ಆಯಿ ಎನ್ನುತ್ತೇವೆ, ನಮ್ಮ ಕಡೆ ಅಜ್ಜಿಗೆ ಹಾಗೇ ಅನ್ನುವುದು. ಕಿವಿ ಕೇಳಿಸುವುದಿಲ್ಲ. ಹಾಡಿನಲ್ಲಿ ಯಾವಾಗಲೂ ಎಲ್ಲರಿಗಿಂತ ಒಂದು ಸಾಲು ಹಿಂದೆ ಇರುತ್ತಾರೆ, ಅದೂ ಗಟ್ಟಿಯಾಗಿ. ತಾಳ ತಪ್ಪುತ್ತದೆ ಎಂದು ಎಲ್ಲರೂ ಒಬ್ಬೊಬ್ಬರಾಗಿ ಜಾಗ ಬದಲಿಸಿ, ಮೂರನೇ ಬೆಂಚಿನಲ್ಲಿ ಈಗ ಅವರೊಬ್ಬರೇ ಉಳಿದಿದ್ದಾರೆ.

‘ಏನಂದ್ಳ ಹೇಳ್ರೋ’ ಎಂದು ಮತ್ತೆ ಕೇಳಿದರು. ಅವರ ಮುಂದಿನ ಬೆಂಚಿನಲ್ಲಿದ್ದವರು ಸಮುವೇಲಪ್ಪನವರು. ಬೇರೆ ದಾರಿಯಿರಲಿಲ್ಲ. ತಿರುಗಿ, ಆಯಿಯ ಕಿವಿಗೆ ಬಾಯಿಟ್ಟು, ಇಡೀ ಹಾಲಿಗೆ ಕೇಳುವಂತೆ ಕೂಗಿದರು.

‘ಆಕಿಗೆ ಇಲ್ಲಿ ಬ್ಯಾಸರ ಆಗ್ತೈತಂತ್ರಿ! ಆಕಿ ಕೂಡ ಯಾರೂ ಕುಂಡ್ರೂದಿಲ್ಲಂತ!’

ಮೊದಲ ಸಲ ಹುಡುಗಿ ಹೇಳಿದಾಗ ಅದು ಪ್ರಾರ್ಥನೆಯಾಗಿತ್ತು. ಎರಡನೇ ಸಲ ನಮ್ಮ ಕಾರ್ಯದರ್ಶಿಯ ಬಾಯಲ್ಲೇ ಕೇಳಿದೆವು. ಹೇಳಿ ಮುಗಿಸುವಷ್ಟರಲ್ಲಿ ಅವರ ಕಿವಿ ಕೆಂಪಾಗಿತ್ತು.

ರೂತವ್ವ ತಲೆ ಆಡಿಸಿದರು. ‘ಖರೇನ ಐತಿ. ನನ್ನ ಕೂಡಾನೂ ಯಾರ ಕುಂಡ್ರತಾರ?’ ಎಂದರು. ಬೆಂಚಿನ ಮೇಲೆ ತಮ್ಮ ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿದರು. ‘ಬಾ ನನ್ನವ್ವಾ, ಇಲ್ಲಿ ನನ್ನ ಬಾಜೂಕ ಬಾ. ಆಮೆನ್.’

ಸಲೋಮಿ ಕೊನೆಯ ಹಾಡನ್ನೂ ಒಬ್ಬಳೇ ಹಾಡಿ, ಪಾಸ್ಟರ್ ಕೈಗೆ ಮೈಕ್ ಕೊಟ್ಟು, ಹೋಗಿ ಆ ಬೆಂಚಿನಲ್ಲಿ ಕೂತಳು.

ಆಮೇಲೆ ಏನಾಯಿತು ಎಂದುಕೊಂಡಿರಿ? ಎಲ್ಲರ ಕಣ್ಣು ತೆರೆಯಿತು, ಎಲ್ಲರೂ ಅವಳನ್ನು ಸುತ್ತುವರಿದು ಮಾತಾಡಿಸಿದರು ಎಂದೇ?

ಸುತ್ತುವರಿದದ್ದು ನಿಜ. ಗಲ್ಲ ಹಿಂಡಿದರು. ಚಾಕ್ಲೇಟ್ ಕೊಟ್ಟರು. ಫೋಟೋ ತೆಗೆದರು. ‘ಭಾಳ ಚಂದ ಮಾಡಿದಿ ನೋಡವಾ’ ಎಂದರು. ಒಬ್ಬಾಕೆಯಂತೂ ನನ್ನೆದುರೇ ಕೇಳಿದಳು, ‘ಎಷ್ಟನೇ ಕ್ಲಾಸು?’ ಹತ್ತು ನಿಮಿಷದಲ್ಲಿ ಅಂಗಳ ಖಾಲಿ. ಭಾನುವಾರದ ಊಟ ಎಲ್ಲರನ್ನೂ ಕರೆಯುತ್ತದೆ. ಮಧ್ಯಾಹ್ನ ಚರ್ಚಿನ ವಾಟ್ಸಾಪ್ ಗ್ರೂಪಿನಲ್ಲಿ ಸಮುವೇಲಪ್ಪನವರು ಹಾಕಿದರು: ‘ಇಂದು ನಮ್ಮ ಸಭೆಯಲ್ಲಿ ಮಕ್ಕಳ ಭಾನುವಾರ ವಿಜೃಂಭಣೆಯಿಂದ ಜರುಗಿತು. ಕುಮಾರಿ ಸುಸನ್ನಾಗೆ ಅಭಿನಂದನೆಗಳು.’ ಸುಸನ್ನಾ! ಅದರ ಕೆಳಗೆ ಹದಿನೆಂಟು ಜನ ಕೈಮುಗಿದಿದ್ದರು. ಒಬ್ಬರೂ ತಿದ್ದಿರಲಿಲ್ಲ.

ಆದರೆ ನಾನು ಹೇಳಬೇಕಾದದ್ದು ಅಂಗಳ ಖಾಲಿಯಾದ ಮೇಲಿನ ಮಾತು.

ಸ್ಟೋರ್ ರೂಮಿಗೆ ಬೀಗ ಹಾಕಿ ಹೊರಟೆ. ಓಣಿಯ ತಿರುವಿಗೆ ಬಂದಾಗ ಬಾಚಣಿಗೆ ಒಳಗೇ ಬಿಟ್ಟದ್ದು ನೆನಪಾಯಿತು. ತಿರುಗಿ ಬಂದೆ. ಚರ್ಚಿನ ಮೆಟ್ಟಿಲ ಮೇಲೆ ಸಲೋಮಿ ಕೂತಿದ್ದಳು. ಬಿಳಿ ಫ್ರಾಕನ್ನು ಮೊಳಕಾಲ ಕೆಳಗೆ ಎಳೆದುಕೊಂಡು, ಚಾಕ್ಲೇಟುಗಳನ್ನು ಬಣ್ಣದ ಪ್ರಕಾರ ಸಾಲಾಗಿ ಇಡುತ್ತ.

‘ಅಪ್ಪ ಇನ್ನೂ ಬಂದಿಲ್ಲೇನ?’

‘ಒಂದೂವರೀಕ ಬರ್ತಾರ್ರಿ. ಗೇಟ್ ಬಿಟ್ಟ ಬರೂ ಹಂಗಿಲ್ಲಂತ್ರಿ, ಬ್ಯಾರೇದಾವ್ರು ಬಂದ ಮ್ಯಾಲ ಬರ್ತಾರ.’

ಆಗ ಸಮಯ ಹನ್ನೆರಡೂ ಮುಕ್ಕಾಲು.

‘ದಿನಾ... ಪ್ರತಿ ರವಿವಾರಾನೂ ಹಿಂಗ ಕುಂಡ್ರತೀಯಾ?’

‘ಹೂಂನ್ರಿ.’

ಎರಡು ವರ್ಷ. ಎರಡು ವರ್ಷದಿಂದ ಪ್ರತಿ ಭಾನುವಾರ ನಾನು ಬೀಗ ಹಾಕಿ, ‘ಬರ್ತೇನಿ ಸಲೋಮಿ’ ಎಂದು ಹೇಳಿ, ಈ ಮೆಟ್ಟಿಲು ಇಳಿದು ಹೋಗಿದ್ದೇನೆ. ಅಪ್ಪ ಈಗ ಬಂದಿರಬೇಕು ಎಂದುಕೊಂಡು. ಸಮುವೇಲಪ್ಪನವರ ಮನೆಯವರು ಇರಬೇಕು ಎಂದುಕೊಂಡು. ಅವರು ಟೀಚರ್ ಇದ್ದಾರೆ ಎಂದುಕೊಂಡಿರಬೇಕು. ಪಾಸ್ಟರ್ ನಾವೆಲ್ಲ ಇದ್ದೇವೆ ಎಂದುಕೊಂಡು ಬೈಕ್ ಹತ್ತಿರಬೇಕು. ಹುಡುಗಿ ಎಲ್ಲರ ಕೂಡ ಇದ್ದಳು, ಯಾರ ಕೂಡಲೂ ಇರಲಿಲ್ಲ.

ಮೆಟ್ಟಿಲ ಮೇಲೆ ಅವಳ ಪಕ್ಕ ಕೂತೆ. ಅವಳು ಒಂದು ಚಾಕ್ಲೇಟ್ ಆರಿಸಿ ನನಗೆ ಕೊಟ್ಟಳು. ಕೆಂಪು ಕಾಗದದ್ದು. ಬಿಚ್ಚಿ ಬಾಯಿಗೆ ಹಾಕಿಕೊಂಡ ಮೇಲೆ, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ, ಉತ್ತರ ಗೊತ್ತಿಲ್ಲದ ಪ್ರಶ್ನೆಯೊಂದನ್ನು ನನ್ನ ವಿದ್ಯಾರ್ಥಿಗೆ ಕೇಳಿದೆ.

‘ಇಲ್ಲಿ ಬ್ಯಾಸರ ಆಗ್ತೈತಿ ಅಂದಿ. ಮತ್ತ ಯಾಕ ಬರ್ತಿ? ಕೋಚಿಂಗಿಗೆ ಹೋಗಬಹುದಿತ್ತಲ್ಲ ಎಲ್ಲಾರಂಗ.’

‘ಅಪ್ಪನೂ ಹಂಗ ಅಂತಾರ್ರಿ. ನಾನ ಶನಿವಾರದ ಬ್ಯಾಚಿಗೆ ಹಾಕ್ರಿ ಅಂದೆ.’

‘ಯಾಕ?’

ಅವಳು ಚಾಕ್ಲೇಟುಗಳ ಕಡೆಯೇ ನೋಡುತ್ತಿದ್ದಳು. ಸಾಲಿನಲ್ಲಿ ಕೆಂಪು ಇದ್ದ ಜಾಗ ಖಾಲಿಯಾಗಿತ್ತು. ಉಳಿದವನ್ನು ಹತ್ತಿರ ಸರಿಸಿದಳು.

‘ನಾನೂ ಬರಲಿಲ್ಲಂದ್ರ ನೀವ್ ಒಬ್ಬರ ಆಗ್ತೀರಲ್ರಿ ಟೀಚರ್.’

ಓದುಗರೇ, ನನಗೆ ಐವತ್ತೊಂದು ವರ್ಷ. ಒಬ್ಬಳೇ ಇರುವುದನ್ನು ಚೆನ್ನಾಗಿ ಕಲಿತಿದ್ದೇನೆ ಎಂದುಕೊಂಡಿದ್ದೆ. ಭಾನುವಾರ ಸಂಜೆ ಮುಂದಿನ ವಾರದ ಸೀರೆಗಳಿಗೆ ಇಸ್ತ್ರಿ ಹಾಕುವುದು, ಈ ಅಂಕಣ ಬರೆಯುವುದು, ರೇಡಿಯೋ. ಯಾರಿಗೂ ಗೊತ್ತಾಗದ ಹಾಗೆ ನಡೆಸಿಕೊಂಡು ಹೋಗುತ್ತಿದ್ದೇನೆ ಎಂಬ ಸಣ್ಣ ಹೆಮ್ಮೆಯೂ ಇತ್ತು. ಒಂದು ಮಗುವಿಗೆ ಗೊತ್ತಾಗಿತ್ತು. ಯಾವಾಗಿನಿಂದಲೋ ಗೊತ್ತಾಗಿತ್ತು. ಅವಳು ಪ್ರತಿ ವಾರ ಹದಿನೈದು ಕಿಲೋಮೀಟರ್ ಧೂಳು ಕುಡಿದು ಬಂದು ನನ್ನ ಹಾಜರಿ ಪುಸ್ತಕಕ್ಕೆ ಉತ್ತರ ಕೊಡುತ್ತಿದ್ದಳು. ಚರ್ಚಿನವರು ನನಗೆ ಒಪ್ಪಿಸಿದ್ದು ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ಇಲ್ಲಿ ಯಾರು ಯಾರನ್ನು ನೋಡಿಕೊಳ್ಳುತ್ತಿದ್ದರು?

ಬಾಯಲ್ಲಿ ಚಾಕ್ಲೇಟ್ ಇದ್ದದ್ದು ಒಳ್ಳೆಯದಾಯಿತು. ಒಂದೂವರೆಗೆ ಪ್ರಕಾಶ ಬಂದಾಗ ನಾವಿಬ್ಬರೂ ಬ್ಯಾರೇಜಿನ ಬಗ್ಗೆ ಮಾತಾಡುತ್ತಿದ್ದೆವು. ಗೇಟು ಎತ್ತಿದಾಗ ನೀರು ಹೇಗೆ ಗುಡುಗುತ್ತದೆ ಎಂದು ಅವಳು ನನಗೆ ವಿವರಿಸುತ್ತಿದ್ದಳು. ಎಷ್ಟು ಚೆನ್ನಾಗಿ ಮಾತಾಡುತ್ತಾಳೆ ಹುಡುಗಿ! ನನಗೆ ಗೊತ್ತೇ ಇರಲಿಲ್ಲ.

ಮುಂದಿನ ಭಾನುವಾರ ಎರಡನೇ ಹಾಡು ಮುಗಿದಾಗ ನಾನು ಸ್ಟೋರ್ ರೂಮಿಗೆ ಹೋಗಲು ಏಳಲಿಲ್ಲ. ಸಲೋಮಿ ಮೂರನೇ ಬೆಂಚಿನಲ್ಲಿ ರೂತವ್ವನ ಪಕ್ಕದಲ್ಲಿದ್ದಳು. ನಾನು ಹೋಗಿ ಅವಳ ಇನ್ನೊಂದು ಪಕ್ಕ ಕೂತೆ. ಮೂವರೂ ಪ್ರಸಂಗ ಕೇಳಿದೆವು. ಕೇಳಿದೆವು ಎಂದರೆ, ರೂತವ್ವನಿಗೆ ಕೇಳಿಸುವುದಿಲ್ಲ, ಸಲೋಮಿಗೆ ಅರ್ಥವಾಗುವುದಿಲ್ಲ, ನನ್ನ ಲಕ್ಷ್ಯ ಇವರಿಬ್ಬರ ಮೇಲೆ. ಹಾಡು ಬಂದಾಗ ಸಲೋಮಿ ಪುಸ್ತಕದ ಸಾಲಿನ ಕೆಳಗೆ ಬೆರಳಿಟ್ಟು ಸರಿಸುತ್ತ ಹೋದಳು. ಆಯಿ ಆ ಬೆರಳನ್ನು ಹಿಂಬಾಲಿಸಿದರು. ಎಷ್ಟೋ ವರ್ಷದ ಮೇಲೆ ರೂತವ್ವ ನಮ್ಮೆಲ್ಲರ ಜೊತೆಗೇ ಹಾಡು ಮುಗಿಸಿದರು. ದನಿ ಮಾತ್ರ ಮೊದಲಿನಷ್ಟೇ ಗಟ್ಟಿ.

ಆರಾಧನೆ ಮುಗಿದ ಮೇಲೆ ಸಮುವೇಲಪ್ಪನವರು ಬಂದು ನಿಂತರು. ಮೊಬೈಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ನನ್ನ ಕಡೆ ನೋಡದೆ ನೇರ ಅವಳನ್ನೇ ಕೇಳಿದರು. ‘ತಪ್ಪ ಆತವಾ. ನಿನ್ನ ಹೆಸರ ಏನಂದಿ?’ ಅವಳು ಹೇಳಿದಳು. ಅವರು ಎರಡು ಸಲ ಅದನ್ನು ಬಾಯಲ್ಲೇ ಹೇಳಿಕೊಂಡು ಹೋದರು. ದೊಡ್ಡ ಮನುಷ್ಯ. ನನಗೆ ಆ ಧೈರ್ಯ ಇರಲಿಲ್ಲ.

ಹೀಗೆ ಐದಾರು ತಿಂಗಳು ನಡೆಯಿತು. ಆರಾಧನೆ ಮುಗಿದ ಮೇಲೆ ಮೆಟ್ಟಿಲ ಮೇಲೆ ಮೂವರು. ಆಯಿ ತಮ್ಮ ಆಸ್ಪತ್ರೆಯ ಕಥೆ ಹೇಳುವರು, ಸಲೋಮಿ ಕಿವಿಗೆ ಬಾಯಿಟ್ಟು ಪ್ರಶ್ನೆ ಕೇಳುವಳು, ಒಂದೂವರೆಗೆ ಬೈಕ್ ಬರುವುದು. ಹಾಲಿನಲ್ಲಿ ಉಳಿದವರು ಬದಲಾದರೇ? ಇಬ್ಬರು ಮೂವರು ನಿಂತು ಮಾತಾಡಿಸಿ ಹೋಗುತ್ತಿದ್ದರು. ಉಳಿದವರಿಗೆ ಊಟದ ಹೊತ್ತು. ಹೊಸ ಮಕ್ಕಳು ಬಂದರೇ? ಇಲ್ಲ. ಒಬ್ಬರೂ ಬರಲಿಲ್ಲ. ನಿಮಗೆ ಸುಳ್ಳು ಯಾಕೆ ಹೇಳಲಿ.

ಮೊನ್ನೆ ಭಾನುವಾರ ಆರಾಧನೆಯ ಕೊನೆಗೆ ಪಾಸ್ಟರ್ ಒಂದು ಪ್ರಕಟಣೆ ಇದೆ ಎಂದರು. ಅಂದು ಪ್ರಕಾಶ ರಜೆ ಹಾಕಿ ಬಂದಿದ್ದ, ಹೊಸ ಅಂಗಿ ಹಾಕಿ ಹಿಂದಿನ ಗೋಡೆಗೆ ಒರಗಿ ನಿಂತಿದ್ದ. ‘ನಮ್ಮ ಸಲೋಮಿಗೆ ವಸತಿ ಶಾಲೆಯ ಸೀಟು ಸಿಕ್ಕಿದೆ. ಬೀಳಗಿಯ ಆಚೆ. ಜೂನ್‌ನಲ್ಲಿ ಹೋಗುತ್ತಾಳೆ. ಇನ್ನು ಪಿಯುಸಿ ಮುಗಿಯುವವರೆಗೆ ಚಿಂತೆಯಿಲ್ಲ.’

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಖುಷಿಯ ಸುದ್ದಿಯೇ. ಎಷ್ಟು ಜನ ಬರೆದ ಪರೀಕ್ಷೆ, ಶನಿವಾರದ ಒಂದೇ ಬ್ಯಾಚಿನಲ್ಲಿ ಓದಿ ಪಾಸಾಗಿದ್ದಾಳೆ. ಸಲೋಮಿ ತಲೆ ಬಗ್ಗಿಸಿ ಹಾಡಿನ ಪುಸ್ತಕದ ಮೂಲೆ ಮಡಚುತ್ತಿದ್ದಳು. ನನ್ನ ಕೈ ಚಪ್ಪಾಳೆ ತಟ್ಟುತ್ತಿತ್ತು, ಕಣ್ಣು ಆ ಮಡಚುವ ಬೆರಳಿನ ಮೇಲಿತ್ತು.

‘ಏನಂತ?’ ಎಂದರು ರೂತವ್ವ.

ಸಲೋಮಿ ಪುಸ್ತಕದಿಂದ ತಲೆ ಎತ್ತಲಿಲ್ಲ. ಪಾಸ್ಟರ್ ತಾವೇ ಬಂದು ಆಯಿಯ ಕಿವಿಗೆ ಗಟ್ಟಿಯಾಗಿ ಹೇಳಿದರು. ಆಯಿ ಪೂರ್ತಿ ಕೇಳಿಸಿಕೊಂಡರು. ಹುಡುಗಿಯ ತಲೆಯ ಮೇಲೆ ಕೈ ಇಟ್ಟರು. ಚಪ್ಪಾಳೆ ನಿಂತಿತ್ತು.

‘ಛಲೋ ಆತು,’ ಎಂದರು. ‘ಅಲ್ಲಿ ಈಕಿ ಬಾಜೂಕ ಯಾರು ಕುಂಡ್ರತಾರ?’

ಪಾಸ್ಟರ್ ನಕ್ಕರು. ಮತ್ತೆ ಕಿವಿಯ ಹತ್ತಿರ ಬಾಗಿದರು. ‘ದೇವರು ಅದಾನಲ್ರಿ ಆಯಿ!’

‘ಅಂವಾ ಅದಾನ ಬಿಡಪಾ,’ ಎಂದರು ರೂತವ್ವ. ‘ನಾ ಮನಷ್ಯಾರ್ನ ಕೇಳಾಕತ್ತೇನಿ.’